ಬೈಕ್ ಪ್ರವಾಸಕ್ಕೆ ಆರಾಮದ ಬೂಟು: ಪಾದ ಅಳೆಯುವುದರಿಂದ ಮೊದಲ ಮಳೆಯವರೆಗೆ

ನನ್ನ ಮೊದಲ ಟೂರಿಂಗ್ ಬೂಟು ನೋಡಲು ತುಂಬ ಚೆನ್ನಾಗಿತ್ತು. ಅಂಗಡಿಯಲ್ಲಿ ದಿನಾ ಹಾಕುವ ಶೂ ನಂಬರ್ ಹೇಳಿದೆ, ಎರಡು ನಿಮಿಷ ನಿಂತು ನೋಡಿದೆ, ಕೊಂಡು ಬಂದೆ. ಮುಂದಿನ ವಾರ ಬೆಂಗಳೂರಿನಿಂದ ಆಗುಂಬೆ ದಾರಿಯಾಗಿ ಉಡುಪಿಗೆ ಹೊರಟೆ. ತಿಪಟೂರಿನವರೆಗೆ ಏನೂ ಗೊತ್ತಾಗಲಿಲ್ಲ. ಕಡೂರು ದಾಟುವಾಗ ಎಡಗಾಲಿನ ಕಿರುಬೆರಳು ಉರಿಯತೊಡಗಿತು. ಶಿವಮೊಗ್ಗದಲ್ಲಿ ಊಟಕ್ಕೆ ಇಳಿದಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ತೀರ್ಥಹಳ್ಳಿಯಲ್ಲಿ ಇನ್ನು ಆಗುವುದಿಲ್ಲ ಅನ್ನಿಸಿ ಬೂಟು ಬಿಚ್ಚಿ ಬ್ಯಾಗಿನ ಮೇಲೆ ಕಟ್ಟಿದೆ. ಚಪ್ಪಲಿ ಹಾಕಿಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದೆ. ಮಳೆ ಬೇರೆ ಸುರಿಯುತ್ತಿತ್ತು.

ಆ ದಿನ ಏನೂ ಆಗಲಿಲ್ಲ. ಆದರೆ ಸೋಮೇಶ್ವರದಲ್ಲಿ ಟೀ ಕುಡಿಯುತ್ತಾ ಕೂತಾಗ ಕೈ ಸ್ವಲ್ಪ ನಡುಗುತ್ತಿತ್ತು. ದಿನವಿಡೀ ನೇರ ರಸ್ತೆಯಲ್ಲಿ ಬೂಟು ಹಾಕಿದ್ದೆ. ನಿಜವಾಗಿ ಬೇಕಾಗಿದ್ದ ಹದಿನೈದು ನಿಮಿಷದಲ್ಲಿ ಅದು ಕಾಲಲ್ಲಿ ಇರಲಿಲ್ಲ. ನೋಯಿಸುವ ಬೂಟು ಹಾಗೆಯೇ. ನಾವು ಸುಸ್ತಾದ ಹೊತ್ತಿಗೆ, ದಾರಿ ಕಷ್ಟವಾದ ಹೊತ್ತಿಗೆ ಸರಿಯಾಗಿ ಅದು ಕಾಲಿನಿಂದ ಹೊರಗೆ ಹೋಗುತ್ತದೆ. ಅದಕ್ಕೇ ನಾನು ಆರಾಮವನ್ನು ರಕ್ಷಣೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಸಂಜೆ ಆರು ಗಂಟೆಗೂ ಕಾಲಲ್ಲಿ ಇರುವಂಥ ಬೂಟು ಬೇಕು. ಅದನ್ನು ಹುಡುಕುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ನಿಮ್ಮ ದಾರಿ ಯಾವುದು ನೋಡಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಕಳೆದ ವರ್ಷ ಹೋದ ಪ್ರವಾಸಗಳನ್ನು ಬರೆಯಿರಿ. ಮುಂದೆ ಎಂದಾದರೂ ಹೋಗಬೇಕು ಅಂದುಕೊಂಡಿರುವ ಲಡಾಖ್ ಬೇಡ, ನಿಜವಾಗಿ ಹೋದದ್ದು ಮಾತ್ರ. ಹೆಚ್ಚಿನವರ ಪಟ್ಟಿಯಲ್ಲಿ ಚಿಕ್ಕಮಗಳೂರು, ಕೊಡಗು, ಊಟಿ, ಗೋಕರ್ಣ, ಹಂಪಿ ಇರುತ್ತದೆ. ಇವೆಲ್ಲ ಡಾಂಬರು ದಾರಿ, ನಡುವೆ ಸ್ವಲ್ಪ ಹೊಂಡ, ಹೋಮ್‌ಸ್ಟೇಗೆ ಹೋಗುವ ಒಂದೆರಡು ಕಿಲೋಮೀಟರ್ ಮಣ್ಣು ದಾರಿ. ಇದಕ್ಕೆ ಟೂರಿಂಗ್ ಬೂಟು ಸಾಕು. ಮೀನಖಂಡದ ಅರ್ಧಕ್ಕಿಂತ ಮೇಲೆ ಬರುತ್ತದೆ, ಅಟ್ಟೆ ತೀರಾ ದಪ್ಪ ಇರುವುದಿಲ್ಲ, ಇಳಿದು ನಡೆಯಬಹುದು.

ಅಡ್ವೆಂಚರ್ ಬೂಟು ಬೇರೆ. ಅದರಲ್ಲಿ ಬಕಲ್‌ಗಳಿರುತ್ತವೆ, ಮುಂಗಾಲಿನ (ಮಂಡಿಯ ಕೆಳಗೆ ಮುಂದಿರುವ) ಮೂಳೆಗೆ ಗಟ್ಟಿ ಪ್ಲೇಟ್ ಇರುತ್ತದೆ, ಅಟ್ಟೆಗೆ ಟ್ರ್ಯಾಕ್ಟರ್ ಟಯರ್ ಥರ ಹಲ್ಲು ಇರುತ್ತದೆ. ಕಲ್ಲು, ಕೆಸರು, ಹಳ್ಳ ದಾಟುವವರಿಗೆ, ಪೆಗ್ (ಬೈಕಿನಲ್ಲಿ ಕಾಲಿಡುವ ಕಬ್ಬಿಣದ ಮೆಟ್ಟು) ಮೇಲೆ ನಿಂತು ಓಡಿಸುವವರಿಗೆ ಇದೇ ಸರಿ. ದಿನವಿಡೀ ಹೈವೇಯಲ್ಲಿ ಕೂತು ಹೋಗುವವರಿಗೆ ಅದರ ಭಾರ ಸುಮ್ನೆ ಹೊರೆ. ಮೂರನೆಯದು ಹರಡಿನ ಗಂಟು ಮುಚ್ಚುವಷ್ಟೇ ಎತ್ತರದ ಗಿಡ್ಡ ಬೂಟು. ನೋಡಲು ಸಾಮಾನ್ಯ ಶೂ ಥರ ಇರುತ್ತದೆ. ಆಫೀಸಿಗೆ, ಒಂದು ದಿನದ ನಂದಿಬೆಟ್ಟಕ್ಕೆ ಪರವಾಗಿಲ್ಲ. ನಾಲ್ಕು ದಿನದ ಪ್ರವಾಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಯಾಕೆ ಅಂದರೆ ಬೈಕ್ ಬಿದ್ದಾಗ ಮೊದಲು ಸಿಕ್ಕಿಕೊಳ್ಳುವುದು ಕಾಲು. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350 ಆಗಲಿ, ಹಿಮಾಲಯನ್ 450 ಆಗಲಿ, ಹತ್ತಿರ ಹತ್ತಿರ 195 ಕಿಲೋ ತೂಗುತ್ತವೆ. ಅದರ ಮೇಲೆ ನಿಮ್ಮ ಲಗೇಜು. ಕೆಸರಲ್ಲಿ ನಿಂತ ಜಾಗದಲ್ಲೇ ಜಾರಿ ಬಿದ್ದರೂ ಅಷ್ಟು ಭಾರ ಪಾದದ ಮೇಲೆ, ಹರಡಿನ ಮೇಲೆ ಬರುತ್ತದೆ. ವೇಗ ಬೇಕಾಗಿಲ್ಲ. ಟ್ರೆಕ್ಕಿಂಗ್ ಶೂ ಈ ಭಾರಕ್ಕೆ ಮಾಡಿದ್ದಲ್ಲ. ಪೊಲೀಸರ, ಮಿಲಿಟರಿಯವರ ಬೂಟೂ ಅಲ್ಲ.

ಪಾದವನ್ನು ಸಂಜೆ ಅಳೆಯಿರಿ

ಇಲ್ಲಿ ಅವಸರ ಬೇಡ. ಮುಕ್ಕಾಲು ತಪ್ಪು ಆಗುವುದು ಇಲ್ಲೇ.

ಸಂಜೆ ಯಾಕೆ? ದಿನವಿಡೀ ನಿಂತು, ನಡೆದು, ಸೆಕೆಗೆ ಪಾದ ಊದಿಕೊಂಡಿರುತ್ತದೆ. ಏಳು ಗಂಟೆ ಕಾಲು ಇಳಿಬಿಟ್ಟು ಬೈಕ್ ಓಡಿಸಿದಾಗಲೂ ಹೀಗೇ ಆಗುತ್ತದೆ. ಬೆಳಗಿನ ಪಾದಕ್ಕೆ ಸರಿಹೋದ ಬೂಟು ಸಂಜೆಯ ಪಾದವನ್ನು ಹಿಂಡುತ್ತದೆ.

ಪ್ರವಾಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಹಾಳೆ ಇಡಿ. ಹಿಮ್ಮಡಿ ಗೋಡೆಗೆ ಮುಟ್ಟುವಂತೆ ನಿಲ್ಲಿ. ಕೂತು ಅಳೆಯಬೇಡಿ, ಮೈಭಾರ ಬಿದ್ದಾಗಲೇ ಪಾದ ಪೂರ್ತಿ ಹರಡುವುದು. ಮನೆಯವರ ಕೈಗೆ ಪೆನ್ಸಿಲ್ ಕೊಡಿ. ಪೆನ್ಸಿಲ್ಲನ್ನು ನೇರವಾಗಿ ಹಿಡಿದು ಅತಿ ಉದ್ದದ ಬೆರಳಿನ ತುದಿಯಲ್ಲಿ ಗೆರೆ ಎಳೆಯಲಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ ಇರುತ್ತದೆ, ನೋಡಿಕೊಳ್ಳಿ. ಆಮೇಲೆ ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲವಾಗಿರುವ ಜಾಗದ ಎರಡೂ ಬದಿ ಗುರುತು ಹಾಕಲಿ. ಎರಡೂ ಪಾದ ಅಳೆಯಿರಿ. ಒಂದು ಪಾದ ಚೂರು ದೊಡ್ಡದಿರುವುದು ಸಾಮಾನ್ಯ. ದೊಡ್ಡದರ ಅಳತೆಯೇ ನಿಮ್ಮ ಅಳತೆ.

ಕೊನೆಗೆ ಟೈಲರ್ ಟೇಪಿನಿಂದ ಮೀನಖಂಡದ ಸುತ್ತಳತೆ ತೆಗೆಯಿರಿ. ರೈಡಿಂಗ್ ಪ್ಯಾಂಟನ್ನು ಬೂಟಿನೊಳಗೆ ತೂರಿಸುವ ಅಭ್ಯಾಸವಿದ್ದರೆ ಪ್ಯಾಂಟ್ ಹಾಕಿಕೊಂಡೇ ಅಳೆಯಿರಿ. ಇದನ್ನು ಮರೆತು ಬೂಟು ತರಿಸಿ, ಮೇಲಿನ ವೆಲ್ಕ್ರೋ ಮುಚ್ಚದೆ ಒದ್ದಾಡುವವರು ಜಾಸ್ತಿ.

ಈಗ ನಂಬರ್ ಲೆಕ್ಕ. ನಮ್ಮ ಅಂಗಡಿಗಳಲ್ಲಿ 7, 8, 9 ಅನ್ನುವುದು ಬ್ರಿಟನ್ನಿನ ಅಳತೆ. ಅದರಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಮೂರನೇ ಒಂದು ಇಂಚು, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಯೂರೋಪಿನ 41, 42, 43ರಲ್ಲಿ ಅಂತರ ಒಂದು ಸೆಂಟಿಮೀಟರಿನ ಮೂರನೇ ಎರಡು ಭಾಗ. ಇದನ್ನು ಪಾದದ ಮೇಲೆ ಲೆಕ್ಕ ಹಾಕುವುದಿಲ್ಲ, ಶೂ ಮಾಡುವ ಅಚ್ಚಿನ ಮೇಲೆ ಹಾಕುತ್ತಾರೆ. ಪಾದ 26.5 ಸೆಂಟಿಮೀಟರ್ ಇದ್ದರೆ ಬೆರಳಿನ ಮುಂದಿನ ಜಾಗ ಸುಮಾರು 1.5 ಸೇರಿ ಅಚ್ಚು 28 ಆಗುತ್ತದೆ. 28ನ್ನು 1.5ರಿಂದ ಗುಣಿಸಿದರೆ 42. ಇದು ಅಂದಾಜು ಮಾತ್ರ. ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ. ಹಾಗಾಗಿ ಕಂಪನಿಯ ಚಾರ್ಟಿನಲ್ಲಿ ಸೆಂಟಿಮೀಟರ್ ಸಾಲನ್ನೇ ನೋಡಿ, ಅದಕ್ಕೆ ನಿಮ್ಮ ಹಾಳೆಯ ಗೆರೆ ಹೋಲಿಸಿ.

ಅಗಲದ ವಿಷಯ ಬೇರೆಯಾಗಿ ಹೇಳಬೇಕು. ಬೈಕ್ ಬೂಟಿನ ದೊಡ್ಡ ಹೆಸರುಗಳು ಬಹಳಷ್ಟು ಇಟಲಿಯ ಒಂದೇ ಸೀಮೆಯವು. ವೆನೆಟೋ ಪ್ರಾಂತ್ಯದ ಮಾಂಟೆಬೆಲ್ಲೂನಾ ಊರಿನ ಸುತ್ತಮುತ್ತಲೇ ಆಲ್ಪೈನ್‌ಸ್ಟಾರ್ಸ್, ಸಿಡಿ, ಗೇರ್ನೆ, ಟಿಸಿಎಕ್ಸ್ ಎಲ್ಲ ಇವೆ. ಅದು ಬೆಟ್ಟ ಹತ್ತುವ ಬೂಟಿಗೆ, ಹಿಮದಲ್ಲಿ ಜಾರುವ ಬೂಟಿಗೆ ಹೆಸರಾದ ಊರು. ಆಲ್ಪೈನ್‌ಸ್ಟಾರ್ಸ್ ಅನ್ನುವ ಹೆಸರು ಬಂದದ್ದೂ ಆಲ್ಪ್ಸ್ ಬೆಟ್ಟದಲ್ಲಿ ಅರಳುವ ಒಂದು ಬಿಳಿ ಹೂವಿನಿಂದ. ಅವರ ಕೆಲಸ ಅಚ್ಚುಕಟ್ಟು. ಆದರೆ ಅಚ್ಚು ಯೂರೋಪಿನ ಪಾದದ್ದು.

ನಮ್ಮ ಪಾದ ಅಗಲ. ಇದು ಬರೀ ಅನಿಸಿಕೆ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಸಿತು. ಯೂರೋಪ್, ಅಮೆರಿಕದವರ ಪಾದಕ್ಕಿಂತ ಭಾರತೀಯರ ಪಾದ ಅಗಲ ಎಂದು ಅದರಲ್ಲಿ ಗೊತ್ತಾಯಿತು. ಆ ಅಳತೆಯ ಮೇಲೆಯೇ ‘ಭಾ’ ಎಂಬ ನಮ್ಮದೇ ಸೈಜ್ ಪದ್ಧತಿಯನ್ನು ರೂಪಿಸಿದರು. ನಾವು ಮಾಡುವ ತಪ್ಪು ಏನೆಂದರೆ, ಅಗಲ ಸಾಲದು ಅಂತ ಒಂದು ನಂಬರ್ ಉದ್ದದ್ದು ತೆಗೆದುಕೊಳ್ಳುತ್ತೇವೆ. ಆಗ ಬೂಟು ಮಡಿಚುವ ಜಾಗ ನಮ್ಮ ಬೆರಳಿನ ಬುಡಕ್ಕಿಂತ ಮುಂದೆ ಹೋಗುತ್ತದೆ. ಹಿಮ್ಮಡಿ ಒಳಗೆ ಏಳುತ್ತದೆ, ಬೊಬ್ಬೆ ಬರುತ್ತದೆ. ಗೇರ್ ಲಿವರಿನ ಕೆಳಗೆ ಮೂತಿ ತೂರುವುದೂ ಕಷ್ಟ. ಉದ್ದಕ್ಕೆ ಸರಿ, ಅಗಲಕ್ಕೆ ಬಿಗಿ ಅನ್ನಿಸಿದರೆ ಬೇರೆ ಕಂಪನಿ ನೋಡಿ. ಅಷ್ಟೇ ಪರಿಹಾರ. ಒರಾಝೋ, ಕ್ಲಾನ್‌ನಂಥ ಇಲ್ಲಿನ ಕಂಪನಿಗಳ ಬೂಟನ್ನು ಒಮ್ಮೆ ಹಾಕಿ ನೋಡುವುದು ಈ ಕಾರಣಕ್ಕೂ ಒಳ್ಳೆಯದು.

ಹೆಣ್ಣುಮಕ್ಕಳಿಗೆ ಆಯ್ಕೆ ಇನ್ನೂ ಕಡಿಮೆ. ಎಷ್ಟೋ ಅಂಗಡಿಗಳಲ್ಲಿ ಗಂಡಸರ ಚಿಕ್ಕ ನಂಬರನ್ನೇ ಮುಂದಿಡುತ್ತಾರೆ. ಅದರಲ್ಲಿ ಹಿಮ್ಮಡಿ ಸಡಿಲ, ಮೇಲೆ ಮೀನಖಂಡಕ್ಕೆ ಬಿಗಿ ಆಗುವುದು ಹೆಚ್ಚು. ಹೆಣ್ಣುಮಕ್ಕಳಿಗೆಂದೇ ಮಾಡಿದ ಅಚ್ಚು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮೇಲ್ಭಾಗದಲ್ಲಿ ಎಲಾಸ್ಟಿಕ್ ಪಟ್ಟಿ ಅಥವಾ ಉದ್ದ ವೆಲ್ಕ್ರೋ ಇರುವ ಮಾದರಿ ಹುಡುಕಿ. ಹಿಂದೆ ಕೂರುವವರಿಗೂ ಬೂಟು ಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೈಲೆನ್ಸರ್ ಹತ್ತಿರ ಇರುವುದು ಅವರ ಕಾಲು.

ಒಳಗಿನ ಲೇಬಲ್ ಓದಿ

ಬೂಟಿನ ನಾಲಿಗೆಯ ಒಳಗೆ ಅಥವಾ ಮೇಲಿನ ಅಂಚಿನಲ್ಲಿ ಒಂದು ಚಿಕ್ಕ ಲೇಬಲ್ ಹೊಲಿದಿರುತ್ತಾರೆ. ಅದರಲ್ಲಿ ಬೈಕ್ ಸವಾರನ ಚಿತ್ರ, ಇಎನ್ 13634:2017 ಎಂಬ ಸಂಖ್ಯೆ, ಕೆಳಗೆ ನಾಲ್ಕು ಅಂಕಿಗಳು ಇರಬೇಕು. ಬೈಕ್ ಸವಾರರ ಪಾದರಕ್ಷೆಗೆ ಯೂರೋಪಿನವರು ಮಾಡಿಕೊಂಡ ಮಾನದಂಡ ಇದು. ಬರೀ ಸಿಇ (ಯೂರೋಪಿನ ಸುರಕ್ಷತೆಯ ಗುರುತು) ಅಂತ ಅಚ್ಚು ಹಾಕಿ, ಈ ಸಂಖ್ಯೆ ಇಲ್ಲದಿದ್ದರೆ ಆ ಬೂಟನ್ನು ಯಾವುದಕ್ಕೆ ಪರೀಕ್ಷೆ ಮಾಡಿದ್ದಾರೆ ಎಂದು ನಮಗೆ ಗೊತ್ತಾಗುವುದಿಲ್ಲ.

ನಾಲ್ಕೂ ಅಂಕಿ 1 ಅಥವಾ 2 ಇರುತ್ತವೆ. 2 ಅಂದರೆ ಹೆಚ್ಚು. ಮೊದಲನೆಯದು ಬೂಟಿನ ಎತ್ತರ. ಎರಡನೆಯದು ರಸ್ತೆಗೆ ಉಜ್ಜಿದಾಗ ತಡೆಯುವ ಶಕ್ತಿ. ಮೂರನೆಯದು ಹರಿತವಾದದ್ದು ತಗುಲಿದಾಗ ಕೊಯ್ಯದೆ ಉಳಿಯುವ ಶಕ್ತಿ. ನಾಲ್ಕನೆಯದು ಎರಡೂ ಬದಿಯಿಂದ ಅದುಮಿದಾಗ ಅಟ್ಟೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು. ನನಗೆ ಈ ನಾಲ್ಕನೆಯದೇ ಮುಖ್ಯ. ಬೈಕಿನ ಅಡಿಯಲ್ಲಿ ಪಾದ ಸಿಕ್ಕಿದಾಗ ಕೆಲಸಕ್ಕೆ ಬರುವುದು ಅದು. ಆರಾಮ ಬೇಕು ಅಂತ ಮಿಕ್ಕದ್ದರಲ್ಲಿ ಒಂದು ಅಂಕಿ ಬಿಟ್ಟುಕೊಟ್ಟರೂ ನಾಲ್ಕನೆಯದು 2 ಇರಲಿ ಎಂದು ನೋಡುತ್ತೇನೆ.

ಅಂಕಿಗಳ ಜೊತೆ ಕೆಲವು ಅಕ್ಷರಗಳೂ ಇರಬಹುದು. ಐಪಿಎ ಅಂದರೆ ಹರಡಿನ ಗಂಟಿಗೆ ಪೆಟ್ಟು ತಡೆಯುವ ಕವಚದ ಪರೀಕ್ಷೆ ಆಗಿದೆ. ಐಪಿಎಸ್ ಅಂದರೆ ಮುಂಗಾಲಿನ ಮೂಳೆಗೆ. ಡಬ್ಲ್ಯೂಆರ್ ಅಂದರೆ ನೀರು ತಡೆಯುತ್ತದೆ. ಎಫ್‌ಓ ಅಂದರೆ ಪೆಟ್ರೋಲ್, ಆಯಿಲ್ ತಾಗಿದರೂ ಅಟ್ಟೆ ಹಾಳಾಗುವುದಿಲ್ಲ. ಇವೆಲ್ಲ ಹೆಚ್ಚುವರಿ ಪರೀಕ್ಷೆಗಳು, ಎಲ್ಲ ಬೂಟಿನಲ್ಲೂ ಇರುವುದಿಲ್ಲ. ಐಪಿಎ ಇದ್ದರೆ ನಾನು ಸ್ವಲ್ಪ ಜಾಸ್ತಿ ದುಡ್ಡು ಕೊಡಲು ಸಿದ್ಧ.

ನೀರು ತಡೆಯುವ ಬೂಟೋ, ಗಾಳಿಯಾಡುವ ಬೂಟೋ

ಕರ್ನಾಟಕದವರಿಗೆ ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದೇ ರಾಜ್ಯದ ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ.

ನೀರು ತಡೆಯುವ ಬೂಟಿನ ಒಳಗೆ ಒಂದು ತೆಳು ಪೊರೆ ಇರುತ್ತದೆ. ಗೋರ್‌ಟೆಕ್ಸ್ ಅದರಲ್ಲಿ ಹೆಸರಾದದ್ದು, 1969ರಲ್ಲಿ ಕಂಡುಹಿಡಿದದ್ದು. ಅದರ ರಂಧ್ರಗಳು ನೀರಿನ ಹನಿಗೆ ತೀರಾ ಚಿಕ್ಕವು, ಬೆವರಿನ ಆವಿಗೆ ಸಾಕಷ್ಟು ದೊಡ್ಡವು. ಹೊರಗಿನ ನೀರು ಬರುವುದಿಲ್ಲ, ಒಳಗಿನ ಆವಿ ಹೋಗುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಬೂಟಿನ ಒಳಗಿಗಿಂತ ಹೊರಗಿನ ಗಾಳಿ ಒಣಗಿರಬೇಕು. ಲಡಾಖ್‌ನ ಒಣ ಚಳಿಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಜೂನ್ ತಿಂಗಳ ಮಂಗಳೂರಿನಲ್ಲಿ ಗಾಳಿಯೇ ಒದ್ದೆ. ಅಲ್ಲಿ ಆವಿ ಹೋಗಲು ಜಾಗವಿಲ್ಲ. ಸಂಜೆ ಬೂಟು ಬಿಚ್ಚಿದರೆ ಕಾಲುಚೀಲ ತೇವವಾಗಿರುತ್ತದೆ. ಎಷ್ಟೋ ಜನ ಬೂಟು ಸೋರಿತು ಅಂದುಕೊಳ್ಳುತ್ತಾರೆ. ಅದು ಬೆವರು.

ನನ್ನ ಸಲಹೆ ಇಷ್ಟು. ಮಲೆನಾಡು, ಕರಾವಳಿ, ಕೊಡಗಿಗೆ ಮಳೆಗಾಲದಲ್ಲೇ ಹೋಗುವವರಾದರೆ ಪೊರೆ ಇರುವುದನ್ನೇ ಕೊಳ್ಳಿ. ಚಾರ್ಮಾಡಿ ಹತ್ತುವಾಗ ಕಾಲು ನೆಂದರೆ ಕೊಟ್ಟಿಗೆಹಾರದ ಚಳಿಗೆ ಬೆರಳು ಮರಗಟ್ಟಿ ಬ್ರೇಕ್ ಎಷ್ಟು ಒತ್ತಿದೆ ಅಂತಲೇ ತಿಳಿಯುವುದಿಲ್ಲ. ಬಯಲುಸೀಮೆ ಮತ್ತು ಅಕ್ಟೋಬರ್‌ನಿಂದ ಮೇವರೆಗಿನ ಪ್ರವಾಸವೇ ಹೆಚ್ಚಾದರೆ ಪೊರೆ ಇಲ್ಲದ, ಗಾಳಿಯಾಡುವ ಬೂಟು ತೆಗೆದುಕೊಂಡು, ಅಪರೂಪದ ಮಳೆಗೆ ನೀರು ತಡೆಯುವ ಕಾಲುಚೀಲ ಬ್ಯಾಗಲ್ಲಿಡಿ. ಬೂಟಿನ ಮೇಲೆ ಹಾಕುವ ಪ್ಲಾಸ್ಟಿಕ್ ಮಳೆ ಕವರ್ ನನಗೆ ಹಿಡಿಸಲಿಲ್ಲ. ಅದರ ತಳ ಪೆಗ್ ಮೇಲೆ ಜಾರುತ್ತದೆ. ಸೈಲೆನ್ಸರಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು. ಪೊರೆ ಎಷ್ಟೇ ಒಳ್ಳೆಯದಿದ್ದರೂ ಮೇಲಿನ ಬಾಯಿಂದ ನೀರು ಬಂದರೆ ಒಳಗೇ ನಿಲ್ಲುತ್ತದೆ, ಕೊಡದಲ್ಲಿ ತುಂಬಿದ ಹಾಗೆ. ಅದಕ್ಕೆ ಮಳೆ ಪ್ಯಾಂಟ್ ಯಾವಾಗಲೂ ಬೂಟಿನ ಹೊರಗೆ ಬರಬೇಕು, ಒಳಗೆ ತೂರಿಸಬಾರದು. ಕಾಲಿನ ಉಗುರು ಕತ್ತರಿಸಿರಿ, ಒಳಗೆ ಬಿದ್ದ ಕಲ್ಲಿನ ಚೂರು ಕೊಡವಿರಿ. ಪೊರೆ ಒಳಗಿನಿಂದಲೂ ಹರಿಯುತ್ತದೆ.

ಅಟ್ಟೆ, ಹಿಮ್ಮಡಿ, ಒಳಹಾಸು

ಬೂಟನ್ನು ತಲೆಕೆಳಗು ಮಾಡಿ ಎರಡೂ ಕೈಯಲ್ಲಿ ಬಗ್ಗಿಸಿ. ಬೆರಳಿನ ಬುಡದಲ್ಲಿ ಬಗ್ಗಬೇಕು. ನಡುವಿನಲ್ಲಿ, ಪಾದದ ಕಮಾನು ಬರುವ ಜಾಗದಲ್ಲಿ ಬಗ್ಗಬಾರದು. ಅಲ್ಲಿ ಅಟ್ಟೆಯೊಳಗೆ ಉಕ್ಕಿನ ಅಥವಾ ನೈಲಾನಿನ ಪಟ್ಟಿ ಇರುತ್ತದೆ. ಅದು ಇಲ್ಲದಿದ್ದರೆ ಪೆಗ್ ಮೇಲೆ ನಿಂತಾಗ ಆ ಕಬ್ಬಿಣ ಅಂಗಾಲಿಗೆ ಒತ್ತುತ್ತದೆ, ಇಂಜಿನ್ನಿನ ನಡುಕ ನೇರವಾಗಿ ಪಾದಕ್ಕೆ ಬರುತ್ತದೆ. ಅರ್ಧ ದಿನದಲ್ಲಿ ಅಂಗಾಲು ಜುಮ್ ಅನ್ನುತ್ತದೆ.

ಹಿಮ್ಮಡಿಯ ಮುಂದೆ ಸಣ್ಣ ಮೆಟ್ಟಿಲಿನಂಥ ಇಳಿತ ಇರಲಿ, ಪೆಗ್ ಅಲ್ಲಿ ಕಚ್ಚಿ ಕೂರುತ್ತದೆ. ಅಟ್ಟೆಯ ಹಲ್ಲು ಒದ್ದೆ ಟೈಲ್ಸ್ ಮೇಲೆ ಹಿಡಿಯುವಂತಿರಲಿ. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಚೆಲ್ಲಿದ ನೆಲದ ಮೇಲೆ ಕಾಲೂರಿ ಜಾರಿ, ನಿಂತ ಬೈಕನ್ನೇ ಬೀಳಿಸಿದವರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಬೂಟಿನ ಜೊತೆ ಬರುವ ಒಳಹಾಸು ಸಾಮಾನ್ಯವಾಗಿ ತೆಳು. ಅದನ್ನು ತೆಗೆಯಲು ಬರುತ್ತದೆಯೇ ನೋಡಿ. ಬಂದರೆ ನಿಮಗೆ ಬೇಕಾದದ್ದು ಹಾಕಿಕೊಳ್ಳಬಹುದು. ಚಪ್ಪಟೆ ಪಾದದವರಿಗೆ ಕಮಾನಿಗೆ ಆಸರೆ ಕೊಡುವ ಒಳಹಾಸು ದೊಡ್ಡ ಸಹಾಯ. ಒಂದು ವಿಷಯ ನೆನಪಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು 2,300 ಮಕ್ಕಳ ಪಾದಗಳನ್ನು ಪರೀಕ್ಷಿಸಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಬರಿಗಾಲಲ್ಲಿ ಬೆಳೆದ ಮಕ್ಕಳಲ್ಲಿ 2.8 ಶೇಕಡಾ, ಪಾದರಕ್ಷೆ ಹಾಕಿ ಬೆಳೆದವರಲ್ಲಿ 8.6 ಶೇಕಡಾ ಚಪ್ಪಟೆ ಪಾದ ಕಂಡಿತು. ಮುಚ್ಚಿದ ಶೂ ಹಾಕಿದವರಲ್ಲೇ ಹೆಚ್ಚು. ಅಂದರೆ ಪೇಟೆಯಲ್ಲಿ ಶೂ ಹಾಕಿ ಬೆಳೆದವರು ಒದ್ದೆ ಪಾದವನ್ನು ನೆಲದ ಮೇಲೆ ಊರಿ ಒಮ್ಮೆ ಗುರುತು ನೋಡಿಕೊಳ್ಳುವುದು ಒಳ್ಳೆಯದು. ನಡುವೆ ಖಾಲಿ ಜಾಗ ಇಲ್ಲದೆ ಪೂರ್ತಿ ಅಚ್ಚು ಮೂಡಿದರೆ ಒಳಹಾಸಿಗೂ ಸ್ವಲ್ಪ ದುಡ್ಡು ತೆಗೆದಿಡಿ.

ಹೇಗೆ ಮುಚ್ಚುತ್ತದೆ

ಜಿಪ್ ಮತ್ತು ವೆಲ್ಕ್ರೋ ಟೂರಿಂಗಿಗೆ ಸುಲಭ. ಬಕಲ್ ಹೆಚ್ಚು ಗಟ್ಟಿ, ಕೆಸರಲ್ಲೂ ಕೆಲಸ ಮಾಡುತ್ತದೆ. ಲೇಸ್ ಇದ್ದರೆ ಅದರ ಕುಣಿಕೆ ಮುಚ್ಚುವ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಗೇರ್ ಲಿವರಿಗೆ ಸಿಕ್ಕಿಕೊಂಡು, ಸಿಗ್ನಲ್ಲಿನಲ್ಲಿ ಕಾಲು ಊರಬೇಕಾದ ಹೊತ್ತಿಗೆ ಕಾಲೇ ಬರುವುದಿಲ್ಲ. ಜಿಪ್ಪಿನ ಹಿಂದೆ ನೀರು ತಡೆಯುವ ಮಡಿಕೆ ಇದೆಯೇ ಎಂದು ಬೆರಳು ಹಾಕಿ ನೋಡಿ.

ಅಂಗಡಿಯಲ್ಲಿ ಅರ್ಧ ಗಂಟೆ

ಸಂಜೆ ಹೋಗಿ. ನಿಮ್ಮ ಕಾಲುಚೀಲ, ರೈಡಿಂಗ್ ಪ್ಯಾಂಟ್, ಮಂಡಿಯ ಗಾರ್ಡ್ ಎಲ್ಲ ತೆಗೆದುಕೊಂಡು ಹೋಗಿ. ನಿಮ್ಮ ಬೈಕಿನಲ್ಲೇ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸಂದಣಿಯಲ್ಲಿ ಬೈಕ್ ನಿಲ್ಲಿಸುವುದು ಕಷ್ಟ ನಿಜ, ಆದರೂ ಬೈಕ್ ಬೇಕು.

ಎರಡೂ ಕಾಲಿಗೆ ಹಾಕಿ ಪೂರ್ತಿ ಮುಚ್ಚಿ. ಮೊದಲು ಸುಮ್ಮನೆ ನಿಲ್ಲಿ. ಬೆರಳುಗಳನ್ನು ಮೇಲೆ ಕೆಳಗೆ ಆಡಿಸಿ, ಮುಂದೆ ಹೆಬ್ಬೆರಳಿನ ಅಗಲದ ಹತ್ತಿರ ಜಾಗ ಇರಬೇಕು. ಹಿಮ್ಮಡಿ ಎತ್ತಿ ನಡೆಯಿರಿ, ಒಳಗೆ ಹಿಮ್ಮಡಿ ತುಸು ಎದ್ದರೆ ಚಿಂತೆಯಿಲ್ಲ, ಪಚಕ್ ಪಚಕ್ ಅಂತ ಎದ್ದು ಕೂತರೆ ಬೇಡ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ತಾಗಿದರೆ ಚಿಕ್ಕದಾಯಿತು. ಕುಕ್ಕರಗಾಲಲ್ಲಿ ಕೂರಿ. ಬೂಟಿನ ಮೇಲಂಚು ಮೀನಖಂಡಕ್ಕೆ ಕೊಯ್ಯುತ್ತದೆಯೇ, ಮುಂದೆ ಹರಡಿನ ಮಡಿಕೆಯಲ್ಲಿ ಗಂಟಾಗಿ ಒತ್ತುತ್ತದೆಯೇ ನೋಡಿ.

ಆಮೇಲೆ ಬೈಕ್ ಹತ್ತಿ. ನಡೆಯುವಾಗ ಹಿತವಾದ ಬೂಟು ಕೂತಾಗ ಹಿತವಾಗಿರಬೇಕೆಂದಿಲ್ಲ. ಬೈಕ್ ಮೇಲೆ ಮಂಡಿ ಮಡಚಿರುತ್ತದೆ, ಪಾದ ಹಿಂದಕ್ಕೆ ವಾಲಿರುತ್ತದೆ. ಹತ್ತು ನಿಮಿಷ ಹಾಗೇ ಕೂರಿ. ಎಡಗಾಲಿನ ಮೂತಿಯನ್ನು ಗೇರ್ ಲಿವರ್ ಕೆಳಗೆ ತೂರಿ ಎತ್ತುವ ಚಲನೆಯನ್ನು ಮೂವತ್ತು ನಲವತ್ತು ಸಲ ಮಾಡಿ. ಬಲಗಾಲಲ್ಲಿ ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿ, ಎಲ್ಲಿಂದ ಹಿಡಿಯಲು ಶುರುವಾಯಿತು ಎಂದು ಅಂಗಾಲಿಗೆ ತಿಳಿಯುತ್ತದೆಯೇ ಗಮನಿಸಿ. ಬುಲೆಟ್, ಕ್ಲಾಸಿಕ್ ಥರ ಹಿಂದೆ ಮುಂದೆ ಎರಡೂ ಕಡೆ ತುಳಿಯುವ ಗೇರ್ ಇದ್ದರೆ ಇನ್ನೂ ಹುಷಾರು. ದಪ್ಪ ಬೂಟು ಆ ಎರಡು ಪ್ಯಾಡಲ್‌ಗಳ ನಡುವೆ ಸಿಕ್ಕಿಕೊಳ್ಳಬಹುದು.

ಕಿರುಬೆರಳಿನ ಬುಡದಲ್ಲಿ ನೋವು ಬಂದಾಗ ಅಂಗಡಿಯಲ್ಲಿ ಒಂದು ಮಾತು ಕೇಳುತ್ತೀರಿ. “ಏನಾಗಲ್ಲ ಸಾರ್, ಹಾಕ್ತಾ ಹಾಕ್ತಾ ಸಡಿಲ ಆಗತ್ತೆ.” ಅರ್ಧ ನಿಜ. ಅಸಲಿ ದಪ್ಪ ಚರ್ಮ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ. ಉದ್ದಕ್ಕೆ ಬಿಟ್ಟುಕೊಡುವುದಿಲ್ಲ. ಮೈಕ್ರೋಫೈಬರ್ ಮತ್ತು ಸಿಂಥೆಟಿಕ್ ಬೂಟು ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಮೂಳೆಗೆ ಗಟ್ಟಿ ಪ್ಲಾಸ್ಟಿಕ್ ಒತ್ತುತ್ತಿದ್ದರೆ ಅದು ಹತ್ತು ವರ್ಷವಾದರೂ ಒತ್ತುತ್ತದೆ. ಎಲ್ಲ ಕಡೆ ಸಮನಾಗಿ ಬಿಗಿ ಇದ್ದರೆ ಒಪ್ಪಬಹುದು. ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಬಿಚ್ಚಿ ವಾಪಸ್ ಕೊಡಿ, ಮುಜುಗರ ಬೇಡ.

ಆನ್‌ಲೈನಿನಲ್ಲಿ ತರಿಸುವಾಗ, ಹಳೇ ಸ್ಟಾಕ್ ಕೊಳ್ಳುವಾಗ

ಸೈಜ್ ಬದಲಾಯಿಸುವ ನಿಯಮ ಓದಿಯೇ ಆರ್ಡರ್ ಮಾಡಿ. ಬಂದ ಮೇಲೆ ಮನೆಯೊಳಗೆ, ಗುಡಿಸಿದ ನೆಲದ ಮೇಲೆ ಮಾತ್ರ ಹಾಕಿ ನೋಡಿ. ಒಂದು ಸಂಜೆ ಟಿವಿ ನೋಡುತ್ತಾ ಒಂದು ಗಂಟೆ ಹಾಕಿಕೊಂಡಿರಿ.

ಭಾರೀ ರಿಯಾಯಿತಿ ಇದ್ದರೆ ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಬಹಳಷ್ಟು ಬೂಟುಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಇರುತ್ತದೆ. ಅದು ಗಾಳಿಯ ತೇವ ಹೀರಿ ವರ್ಷ ಕಳೆದಂತೆ ಒಳಗೊಳಗೇ ಮುರಿಯುತ್ತದೆ. ಬಳಸದೆ ಸುಮ್ಮನೆ ಇಟ್ಟರೂ ಅಷ್ಟೇ. ಹೊಳೆಯುವ ಹೊಸ ಬೂಟಿನ ಅಟ್ಟೆ ಒಂದು ದಿನ ಬಿಸ್ಕತ್ತಿನಂತೆ ಪುಡಿಯಾಗಿ ಉದುರುತ್ತದೆ. ನನ್ನ ಗೆಳೆಯರೊಬ್ಬರಿಗೆ ಸಕಲೇಶಪುರದ ಹತ್ತಿರ ಹೀಗೇ ಆಯಿತು. ಬಲಗಾಲಿನ ಅಟ್ಟೆಯನ್ನು ಹಗ್ಗದಿಂದ ಕಟ್ಟಿಕೊಂಡು ಹಾಸನಕ್ಕೆ ಬಂದರು. ಐದಾರು ವರ್ಷ ಹಳೆಯ ಸ್ಟಾಕ್ ಎಷ್ಟೇ ಅಗ್ಗವಾದರೂ ಬೇಡ. ಕರಾವಳಿಯ ಗೋದಾಮಿನಲ್ಲಿದ್ದದ್ದು ಅಂತೂ ಬೇಡವೇ ಬೇಡ.

ಬೆಲೆಯ ಬಗ್ಗೆ ಹೇಳುವುದಾದರೆ, ಇಲ್ಲಿನ ಕಂಪನಿಗಳ ಒಳ್ಳೆಯ ಟೂರಿಂಗ್ ಬೂಟು ಹತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತವೆ. ಇಟಲಿಯವು ಅದರ ಎರಡು ಮೂರು ಪಟ್ಟು. ದುಬಾರಿಯದು ಪಾದಕ್ಕೆ ಕೂರದಿದ್ದರೆ ಅಗ್ಗದ, ಪಾದಕ್ಕೆ ಕೂರುವ, ಲೇಬಲ್ ಇರುವ ಬೂಟೇ ಮೇಲು.

ಬೈಕನ್ನೂ ಬೂಟಿಗೆ ಹೊಂದಿಸಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಕ್ಯಾನ್ವಾಸ್ ಶೂಗೆ ಸರಿಯಾಗಿದ್ದ ಗೇರ್ ಲಿವರ್ ದಪ್ಪ ಬೂಟಿಗೆ ತಗ್ಗಾಗುತ್ತದೆ. ಪ್ರತಿ ಗೇರಿಗೂ ಹರಡನ್ನು ತಿರುಚಿ ತಿರುಚಿ ಸಂಜೆಗೆ ಮುಂಗಾಲು ನೋಯುತ್ತದೆ. ತಪ್ಪು ಬೂಟಿನದೆಂದು ಅಂದುಕೊಳ್ಳುತ್ತೇವೆ.

ಲಿವರ್ ಕೂತಿರುವ ಶಾಫ್ಟಿನ ಮೇಲೆ ಹಲ್ಲುಗಳಿರುತ್ತವೆ. ಮೊದಲು ಮಾರ್ಕರಿನಿಂದ ಈಗಿನ ಜಾಗ ಗುರುತು ಮಾಡಿ. ಬೋಲ್ಟ್ ಬಿಚ್ಚಿ, ಲಿವರ್ ಹೊರಗೆಳೆದು, ಒಂದು ಹಲ್ಲು ಮೇಲಕ್ಕೆ ಕೂರಿಸಿ ಬಿಗಿ ಮಾಡಿ. ಕಡ್ಡಿಯಿಂದ ಜೋಡಿಸಿದ ಲಿವರ್ ಆದರೆ ಎರಡೂ ತುದಿಯ ನಟ್ ಸಡಿಲಿಸಿ ಕಡ್ಡಿ ತಿರುಗಿಸಿದರೆ ಸಾಕು. ಹಿಂದಿನ ಬ್ರೇಕ್ ಪೆಡಲಿನ ಎತ್ತರ ಬದಲಿಸಿದರೆ ಎರಡು ವಿಷಯ ಮರೆಯದೆ ನೋಡಿ: ಚಕ್ರ ಎತ್ತಿ ತಿರುಗಿಸಿದಾಗ ಬ್ರೇಕ್ ಉಜ್ಜಬಾರದು, ಪೆಡಲ್ ಒತ್ತಿದ ಕೂಡಲೇ ಹಿಂದಿನ ದೀಪ ಹತ್ತಬೇಕು. ಕೈ ಬಾರದಿದ್ದರೆ ಮೆಕ್ಯಾನಿಕ್ ಹತ್ತಿರ ಬೂಟು ಹಾಕಿಕೊಂಡೇ ಹೋಗಿ. ಹತ್ತು ನಿಮಿಷದ ಕೆಲಸ.

ಮೊದಲ ಕೆಲವು ವಾರ

ಹೊಸ ಬೂಟನ್ನು ನೇರವಾಗಿ ದೊಡ್ಡ ಪ್ರವಾಸಕ್ಕೆ ಹಾಕಬೇಡಿ. ವಾರವಿಡೀ ಮನೆಯಲ್ಲಿ ಸಂಜೆ ಒಂದೊಂದು ಗಂಟೆ, ಆಮೇಲೆ ಊರೊಳಗೆ, ಆಮೇಲೆ ಒಂದು ಭಾನುವಾರದ ನೂರು ನೂರೈವತ್ತು ಕಿಲೋಮೀಟರ್. ಎಲ್ಲಿ ಕೆಂಪಾಗುತ್ತದೆ ನೋಡಿ, ಮುಂದಿನ ಸಲ ಅಲ್ಲಿಗೆ ಮೊದಲೇ ಟೇಪ್ ಹಚ್ಚಿ. ಹತ್ತಿ ಕಾಲುಚೀಲ ಬೆವರು ಹಿಡಿದಿಟ್ಟು ಚರ್ಮ ಮೆತ್ತಗಾಗಿಸುತ್ತದೆ, ಬೊಬ್ಬೆಗೆ ದಾರಿ ಮಾಡುತ್ತದೆ. ಮೆರಿನೋ ಉಣ್ಣೆಯದು ಅಥವಾ ಓಡುವವರು ಹಾಕುವ ಸಿಂಥೆಟಿಕ್ ಚೀಲ ಬೂಟಿಗಿಂತ ಎತ್ತರ ಬರುವಂಥದ್ದು ಎರಡು ಜೊತೆ ಇಟ್ಟುಕೊಳ್ಳಿ. ಮಧ್ಯಾಹ್ನ ಊಟಕ್ಕೆ ನಿಂತಾಗ ಚೀಲ ಬದಲಿಸಿ. ಇಷ್ಟರಿಂದ ಆಗುವ ವ್ಯತ್ಯಾಸ ನೀವೇ ನೋಡಿ ನಂಬಬೇಕು.

ಬೂಟು ನೆಂದರೆ ಒಳಹಾಸು ತೆಗೆದು, ಹಳೇ ನ್ಯೂಸ್‌ಪೇಪರ್ ಮುದ್ದೆ ಮಾಡಿ ತುಂಬಿ, ಗಾಳಿಯಲ್ಲಿ ನೆರಳಿಗೆ ಇಡಿ. ಪೇಪರ್ ಒದ್ದೆಯಾದಂತೆ ಬದಲಿಸುತ್ತಿರಿ. ಮಲೆನಾಡಿನ ಮನೆಗಳಲ್ಲಿ ಪ್ರೀತಿಯಿಂದ ಹೇಳುತ್ತಾರೆ, “ಬಚ್ಚಲೊಲೆ ಹತ್ರ ಇಡಿ, ಬೆಳಗ್ಗೆ ಒಣಗಿರುತ್ತೆ.” ಕಾಲುಚೀಲಕ್ಕೆ ಸರಿ, ಬೂಟಿಗೆ ಬೇಡ. ಆ ಬಿಸಿಗೆ ಚರ್ಮ ಸೆಟೆದು ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಪ್ರವಾಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಒಣಗಿಸಿ, ಚರ್ಮದ ಬೂಟಾದರೆ ತೆಳ್ಳಗೆ ವ್ಯಾಕ್ಸ್ ಹಚ್ಚಿ. ಹೊರಚರ್ಮ ನೀರು ಹೀರಿದರೆ ಒಳಗಿನ ಪೊರೆಯಿಂದ ಆವಿ ಹೊರಗೆ ಹೋಗುವುದೂ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಬೇಡಿ.

ಪ್ರತಿ ವರ್ಷ ಮೇ ಕೊನೆಯಲ್ಲಿ, ಮುಂಗಾರು ಬರುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಅಟ್ಟೆಯನ್ನು ಕೈಯಲ್ಲಿ ಬಗ್ಗಿಸಿ ಬಿರುಕು ಬಂದಿದೆಯೇ ನೋಡುತ್ತೇನೆ. ಆಮೇಲೆ ಒಣ ಚೀಲ, ಬೂಟು ಹಾಕಿಕೊಂಡು, ಹರಡು ಮುಳುಗುವಷ್ಟು ನೀರಿರುವ ಅಗಲ ಟಬ್ಬಿನಲ್ಲಿ ಹತ್ತು ನಿಮಿಷ ನಿಲ್ಲುತ್ತೇನೆ, ಆಗಾಗ ಪಾದ ಮಡಚುತ್ತೇನೆ. ಬಿಚ್ಚಿದಾಗ ಚೀಲ ಎಲ್ಲಿ ಒದ್ದೆಯಾಗಿದೆಯೋ ಹೊಲಿಗೆ ಅಲ್ಲೇ ಬಿಟ್ಟಿರುತ್ತದೆ. ಅದನ್ನು ಜೂನ್ ಮೊದಲ ವಾರದೊಳಗೆ ಸರಿ ಮಾಡಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ.